ಬೀದರ್ ಕೋಟೆಯ 27 ದಿನಗಳು
(ಮಟಕಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಂಖ್ಯೆಯಲ್ಲಿ ಕಡಿಮೆಯಿದ್ದು, ಸುತ್ತುವರಿದ ಸೇನೆಯ ಮುಂದೆ ಕೊನೆಯ ತನಕ ನಿಂತು ಮಡಿದವರ ಸ್ಮರಣೆ ಎಂಬ ವಿಷಯವನ್ನು ನನಗೆ ವಹಿಸಲಾಗಿದೆ. ಇಂತಹ ವಿಷಯ ಬಂದ ಕೂಡಲೇ ನಮ್ಮ ಭಾಷಣಕಾರರು ನೇರವಾಗಿ ಶ್ರೀರಂಗಪಟ್ಟಣಕ್ಕೆ ಹೊರಡುವುದು ವಾಡಿಕೆ. ನಾನೂ ಅಲ್ಲಿಗೆ ಹೋಗುವವನೇ. ಆದರೆ ಮಟಕಿಯಲ್ಲಿ ನಿಂತು ಮಾತನಾಡುವಾಗ ಬೀದರ್‌ನ ದಾರಿ ಹಿಡಿದು ಹೋಗುವುದು ಹೆಚ್ಚು ನ್ಯಾಯ ಎಂದು ನನಗೆ ತೋರುತ್ತದೆ. ಏಕೆಂದರೆ ನಾವು ಹುಡುಕುತ್ತಿರುವ ಜನರು ನಮ್ಮ ಮಗ್ಗುಲಲ್ಲೇ ಮಡಿದಿದ್ದಾರೆ. ಅವರ ನಾಯಕನ ಹೆಸರನ್ನು ಇಲ್ಲಿರುವ ಯುವಕರಲ್ಲಿ ಎಷ್ಟು ಮಂದಿ ಕೇಳಿದ್ದೀರಿ ಎಂದು ಕೈ ಎತ್ತಿಸಿ ನಿಮ್ಮನ್ನು ಮುಜುಗರಕ್ಕೆ ಈಡುಮಾಡಲು ನಾನು ಬಯಸುವುದಿಲ್ಲ. ಅವರ ಹೆಸರು ಸೀದಿ ಮರ್ಜಾನ್.

1656ರ ನವೆಂಬರ್‌ನಲ್ಲಿ ಬಿಜಾಪುರದ ಸುಲ್ತಾನ್ ಮುಹಮ್ಮದ್ ಆದಿಲ್ ಶಾಹ್ ನಿಧನನಾದನು. ಗೋಲ ಗುಂಬಜ್‌ನ ಅಡಿಯಲ್ಲಿ ಮಲಗಿರುವವನು ಈತನೇ. ಪಟ್ಟಕ್ಕೆ ಬಂದ ಅಲಿ ಆದಿಲ್ ಶಾಹ್‌ಗೆ ಆಗ ಸುಮಾರು 18 ವರ್ಷ. ದಖ್ಖನಿನ ಮೊಗಲ್ ಸುಬೇದಾರನಾಗಿದ್ದ ರಾಜಕುಮಾರ ಔರಂಗಜೇಬ್ ಇದೇ ಸಮಯವೆಂದು ಬಗೆದನು. ಅಲಿಯು ತೀರಿಹೋದ ಸುಲ್ತಾನನ ಸ್ವಂತ ಮಗನೇ ಅಲ್ಲ ಎಂಬ ನೆಪ ಹೂಡಲಾಯಿತು. ದೆಹಲಿಯಿಂದ ಷಹಜಹಾನನ ಒಪ್ಪಿಗೆ ಬಂತು. ಮೀರ್ ಜುಮ್ಲಾ ತನ್ನ ತೋಪುಗಳೊಂದಿಗೆ ಬಂದು ಕೂಡಿಕೊಂಡನು. 1657ರ ಮಾರ್ಚ್ 2ರ ಸುಮಾರಿಗೆ ಮೊಗಲ್ ಸೇನೆ ಬೀದರ್ ಕೋಟೆಯ ಮುಂದೆ ಡೇರೆ ಹೊಡೆಯಿತು. ನೆಪ ಯಾವುದೇ ಇರಲಿ, ಒಂದು ಮುಸ್ಲಿಮ್ ಅರಸೊತ್ತಿಗೆ ಇನ್ನೊಂದು ಮುಸ್ಲಿಮ್ ಅರಸೊತ್ತಿಗೆಯ ನೆಲವನ್ನು ನುಂಗಲು ಹೊರಟಿತ್ತು. ಅದನ್ನು ಬೇರೆ ಮಾತಿನಲ್ಲಿ ಹೇಳುವ ಅಗತ್ಯವಿಲ್ಲ.

ಕೋಟೆಯೊಳಗೆ ಇದ್ದವರು ಯಾರು? ಸೀದಿ ಮರ್ಜಾನ್ ಹಬಶಿ ಮೂಲದವರು. ಹಬಶಿಗಳೆಂದರೆ ಅಬಿಸೀನಿಯಾದಿಂದ, ಎಂದರೆ ಇಂದಿನ ಇಥಿಯೋಪಿಯಾದ ಕಡೆಯಿಂದ ಬಂದವರು. ಅವರಲ್ಲಿ ಬಹಳ ಜನ ಗುಲಾಮರಾಗಿ ಮಾರಾಟವಾಗಿ ಕಡಲು ದಾಟಿ ದಖ್ಖನಿಗೆ ಬಂದು, ಇಲ್ಲಿ ಕತ್ತಿಯ ಬಲದಿಂದಲೂ ನಿಷ್ಠೆಯ ಬಲದಿಂದಲೂ ಸರದಾರರಾದರು. ಅಹಮದ್‌ನಗರದ ಮಲಿಕ್ ಅಂಬರ್‌ನ ಹೆಸರನ್ನು ನೀವು ಕೇಳಿರಬಹುದು. ಬಿಜಾಪುರದ ದರ್ಬಾರಿನಲ್ಲಿಯೂ ಹಬಶಿ ಅಮೀರರ ಪ್ರಭಾವ ದೊಡ್ಡದಿತ್ತು. ಸೀದಿ ಮರ್ಜಾನ್ ಬೀದರ್‌ನ ಕಿಲ್ಲೇದಾರರಾಗಿ ಅದಾಗಲೇ 30 ವರ್ಷ ಕಳೆದಿದ್ದರು. ಯುವಕನಾಗಿ ಕೈಗೆತ್ತಿಕೊಂಡ ಕೀಲಿಕೈ ಮುಪ್ಪಿನಲ್ಲೂ ಅವರ ಬಳಿಯೇ ಇತ್ತು. ಅವರ ಅಧೀನದಲ್ಲಿದ್ದುದು ಸುಮಾರು ಒಂದು ಸಾವಿರ ಕುದುರೆ ಸವಾರರು ಮತ್ತು 4 ಸಾವಿರ ಕಾಲಾಳುಗಳು. ಕೋವಿಯವರು, ಬಾಣ ಬಿರುಸಿನವರು, ತೋಪಿನವರು ಎಲ್ಲರೂ ಈ ಲೆಕ್ಕದಲ್ಲಿ ಬಂದರು.

ಎದುರಿಗಿದ್ದ ಬಲವನ್ನು ಅಳೆಯಲು ಒಂದೇ ಸಂಗತಿ ಸಾಕು. ಬೀದರ್ ಬಿದ್ದ ಮೇಲೆ ಕಲ್ಯಾಣಿ ಮತ್ತು ಕಲಬುರಗಿಯ ಕಡೆಯ ನಾಡನ್ನು ಹಾಳುಗೆಡವಲು ಔರಂಗಜೇಬ್ ತನ್ನ ಸೇನೆಯಿಂದ ಬಿಡಿಸಿ ಕಳುಹಿಸಿದ ಒಂದು ತುಕಡಿಯಲ್ಲೇ 15 ಸಾವಿರ ಸವಾರರಿದ್ದರು. ಒಂದು ತುಕಡಿಯೇ ಕೋಟೆಯೊಳಗಿನ ಒಟ್ಟು ಜನರ ಮೂರು ಪಟ್ಟು.

ಕೋಟೆಯೇನೋ ಬಲವಾದದ್ದು. ಅಹ್ಮದ್ ಶಾಹ್ ವಲಿ ಬಹಮನಿಯು ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಒಯ್ದಾಗ ಕಟ್ಟಿಸಿದ್ದು. ಸುತ್ತಳತೆ 4,500 ಗಜ, ಗೋಡೆಯ ಎತ್ತರ 12 ಗಜ ಎಂದು ಅಂದಿನವರು ಬರೆದಿಟ್ಟಿದ್ದಾರೆ. ಕೆಂಪು ಮುರಕಲ್ಲನ್ನು ಕಡಿದು ತೋಡಿದ ಮೂರು ಸಾಲಿನ ಕಂದಕವನ್ನು ಇಂದೂ ನೋಡಬಹುದು. ನೀರಿನ ನಡುವೆ ಕಲ್ಲಿನ ಗೋಡೆಯನ್ನೇ ಉಳಿಸಿಕೊಂಡು ಕಡಿದಿದ್ದಾರೆ. ಆದರೆ ಕಂದಕವು ತಾನಾಗಿಯೇ ಕಾಯುವುದಿಲ್ಲ. ಮೀರ್ ಜುಮ್ಲಾನ ತೋಪುಗಳು ಎರಡೇ ದಿನದಲ್ಲಿ ಕಂದಕದ ಅಂಚಿನವರೆಗೆ ಬಂದವು. ಒಳಗಿನವರು ರಾತ್ರಿ ಹೊತ್ತು ಹೊರಬಿದ್ದು ಅಗಳುಗಳ ಮೇಲೆ ಎರಗಿದರು, ಮತ್ತೆ ಹಿಂದಿರುಗಿದರು. ಎರಡು ಬುರುಜುಗಳು ತೋಪಿನ ಏಟಿಗೆ ಕುಸಿದವು. ಬಿಜಾಪುರದಿಂದ ಸಹಾಯ ಬಂದೀತೆಂದು ಕಾದಿರಬೇಕು. ಕಲಬುರಗಿಯ ಕಡೆ ಸೇನೆ ಜಮಾಯಿಸುತ್ತಿತ್ತು. ಅದು ಬೀದರ್‌ಗೆ ತಲುಪಲೇ ಇಲ್ಲ.

ಮಾರ್ಚ್ 29ರಂದು ಕೊನೆಯ ದಾಳಿ ನಡೆಯಿತು. ಸೀದಿ ಮರ್ಜಾನ್ ತಮ್ಮ ಎಂಟು ಮಂದಿ ಗಂಡುಮಕ್ಕಳೊಂದಿಗೆ ಮತ್ತು ಆಪ್ತ ಭಟರೊಂದಿಗೆ ಒಡೆದ ಬುರುಜಿನ ಬಳಿಯಲ್ಲೇ ನಿಂತಿದ್ದರು. 30 ವರ್ಷ ಅಧಿಕಾರದಲ್ಲಿದ್ದವರು, ವಯಸ್ಸಾದವರು, ಒಳಕೋಟೆಯಲ್ಲಿ ಕುಳಿತು ಅಪ್ಪಣೆ ಕೊಡಬಹುದಿತ್ತು. ಅವರು ಅಲ್ಲಿರಲಿಲ್ಲ. ಬುರುಜಿನ ಹಿಂಬದಿಯ ಗುಂಡಿಯಲ್ಲಿ ಮದ್ದು, ಬಾಣ ಬಿರುಸು, ಕೈಗುಂಡುಗಳನ್ನು ತುಂಬಿಡಲಾಗಿತ್ತು. ಮೊಗಲರ ಕಡೆಯಿಂದ ಹಾರಿಬಂದ ಬೆಂಕಿಯ ಬಾಣವೊಂದು ಆ ಗುಂಡಿಗೇ ಬಿತ್ತು. ಸ್ಫೋಟದಲ್ಲಿ ಸೀದಿ ಮರ್ಜಾನ್ ಮತ್ತು ಅವರ ಇಬ್ಬರು ಮಕ್ಕಳು ಸುಟ್ಟು ಬೆಂದರು. ಸುತ್ತ ನಿಂತಿದ್ದ ಬಹುಮಂದಿ ಅಲ್ಲೇ ಬಿದ್ದರು. ಆ ಗೊಂದಲದಲ್ಲಿ ಮೊಗಲ್ ಸೈನಿಕರು ಒಳನುಗ್ಗಿದರು. ಅರೆಜೀವವಾಗಿದ್ದ ಮುದುಕನನ್ನು ಒಳಕೋಟೆಗೆ ಹೊತ್ತೊಯ್ದರು. ಅಲ್ಲಿಂದ ಅವರು ತಮ್ಮ ಮಕ್ಕಳ ಕೈಯಲ್ಲಿ ಕೋಟೆಯ ಕೀಲಿಕೈ ಕಳುಹಿಸಿಕೊಟ್ಟರು. ಬಳಿಕ ಪ್ರಾಣ ಬಿಟ್ಟರು. ಒಟ್ಟು 27 ದಿನಗಳು.

ಗೆದ್ದವರಿಗೆ 12 ಲಕ್ಷ ರೂಪಾಯಿ ನಗದು, 8 ಲಕ್ಷ ಬೆಲೆಯ ಸೀಸ, ಮದ್ದು ಮುಂತಾದ ಸಾಮಗ್ರಿ ಹಾಗೂ 230 ತೋಪುಗಳು ಸಿಕ್ಕಿದವು. ಈ ಲೆಕ್ಕವನ್ನು ನಾನು ವಿಜಯದ ವರ್ಣನೆಗಾಗಿ ಹೇಳುತ್ತಿಲ್ಲ. 30 ವರ್ಷದ ತನಕ ಒಬ್ಬ ಕಾವಲುಗಾರನು ತನ್ನ ವಶದಲ್ಲಿದ್ದ ಸರಕಾರದ ಸೊತ್ತನ್ನು ಹೇಗೆ ಇಟ್ಟುಕೊಂಡಿದ್ದನು ಎಂಬುದಕ್ಕೆ ಇದು ಸಾಕ್ಷಿ. ಖಜಾನೆ ಖಾಲಿಯಾಗಿರಲಿಲ್ಲ. ತೋಪುಗಳು ಕಾಣೆಯಾಗಿರಲಿಲ್ಲ. ಇನ್ನೊಂದು ವಿಷಯ: ಈ ವಿವರಗಳೆಲ್ಲ ನಮಗೆ ತಿಳಿದಿರುವುದು ಗೆದ್ದವರ ಕಡೆಯ ಚರಿತ್ರೆಕಾರರಿಂದ. ಷಹಜಹಾನನ ಆಳ್ವಿಕೆಯ ವೃತ್ತಾಂತ ಬರೆದವರೇ ಆ ಮುದುಕನು ಎಲ್ಲಿ ನಿಂತಿದ್ದನು, ಎಷ್ಟು ಮಕ್ಕಳೊಂದಿಗೆ ನಿಂತಿದ್ದನು ಎಂಬುದನ್ನು ದಾಖಲಿಸಿದರು. ಶತ್ರುವಿನ ಲೇಖನಿಯೂ ಮುಚ್ಚಿಡಲಾಗದ ಗುಣ ಅದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕೊನೆಗೆ ಕೀಲಿಕೈ ಕೊಟ್ಟರಲ್ಲ, ಅದು ಶರಣಾಗತಿಯಲ್ಲವೇ ಎಂದು. ಊರು ಕೈಬಿಟ್ಟಿತ್ತು, ಗೋಡೆ ಒಡೆದಿತ್ತು, ನಾಯಕನು ಸಾವಿನ ಹಾಸಿಗೆಯಲ್ಲಿದ್ದನು. ಉಳಿದವರನ್ನು ಕಡಿಸಿ ಹಾಕುವುದರಿಂದ ಏನು ಸಾಧಿಸಿದಂತಾಗುತ್ತಿತ್ತು? ಹಿಜರಿ 8ನೇ ವರ್ಷದ ಮುಅ್‌ತಾ ಯುದ್ಧವನ್ನು ನೆನಪಿಸಿಕೊಳ್ಳಿ. 3 ಸಾವಿರ ಮುಸ್ಲಿಮರು ತಮಗಿಂತ ಎಷ್ಟೋ ಪಟ್ಟು ದೊಡ್ಡ ಸೇನೆಯನ್ನು ಎದುರಿಸಬೇಕಾಯಿತು. ಝೈದ್ ಬಿನ್ ಹಾರಿಸ(ರ), ಜಅ್‌ಫರ್ ಬಿನ್ ಅಬೀತಾಲಿಬ್(ರ), ಅಬ್ದುಲ್ಲಾ ಬಿನ್ ರವಾಹ(ರ) ಎಂಬ ಮೂವರು ದಂಡನಾಯಕರು ಒಬ್ಬರ ಹಿಂದೆ ಒಬ್ಬರು ಹುತಾತ್ಮರಾದರು. ಆಮೇಲೆ ಖಾಲಿದ್ ಬಿನ್ ವಲೀದ್(ರ) ಉಳಿದವರನ್ನು ಜೀವಸಹಿತ ಹಿಂದಕ್ಕೆ ತಂದರು. ಮದೀನದಲ್ಲಿ ಕೆಲವರು ಅವರನ್ನು ಓಡಿ ಬಂದವರೆಂದು ಹಳಿದಾಗ ಪ್ರವಾದಿ(ಸ)ಯವರು ಅದನ್ನು ಒಪ್ಪಲಿಲ್ಲ. ಆ ಮೂವರಲ್ಲಿ ಮೊದಲನೆಯವರಾದ ಝೈದ್(ರ) ಒಮ್ಮೆ ಗುಲಾಮರಾಗಿದ್ದವರು ಎಂಬುದನ್ನೂ ಮರೆಯಬಾರದು. ಕುರೈಶಿ ಮನೆತನದ ಜಅ್‌ಫರ್(ರ) ಅವರ ನಂತರದ ಸ್ಥಾನದಲ್ಲಿದ್ದರು. ದಖ್ಖನಿನ ಹಬಶಿ ಸರದಾರನ ಕತೆಯನ್ನು ಓದುವಾಗ ನನಗೆ ಈ ಕ್ರಮವೇ ನೆನಪಾಗುತ್ತದೆ. ನಮ್ಮಲ್ಲಿ ಇಂದಿಗೂ ಮದುವೆಯ ಮಾತುಕತೆಗೆ ಕುಳಿತಾಗ ಬಿರಾದರಿ, ಮೈಬಣ್ಣ, ವಂಶ ಎಂದು ಅಳೆಯುವವರಿದ್ದಾರೆ. ಅವರು ಬೀದರ್‌ನ ಬುರುಜಿನ ಮೇಲೆ ನಿಂತಿದ್ದವನ ಮೈಬಣ್ಣ ಏನಾಗಿತ್ತೆಂದು ಒಮ್ಮೆ ಯೋಚಿಸಲಿ.

ಬೀದರ್ ಬಿದ್ದ ಮೇಲೆ ಔರಂಗಜೇಬ್ ನಗರವನ್ನು ಪ್ರವೇಶಿಸಿದನು. ಬಹಮನಿಗಳ ಕಾಲದಲ್ಲಿ, 200 ವರ್ಷಗಳ ಹಿಂದೆ ಕಟ್ಟಿದ್ದ ಮಸೀದಿಗೆ ಹೋಗಿ ಅಲ್ಲಿ ಷಹಜಹಾನನ ಹೆಸರಿನಲ್ಲಿ ಖುತುಬಾ ಓದಿಸಿದನು. ಸಹೋದರರೇ, ಇದನ್ನು ಸ್ವಲ್ಪ ನಿಂತು ಆಲೋಚಿಸಿರಿ. ಅದೇ ಮಸೀದಿ. ಅದೇ ಕಿಬ್ಲಾ. ಅದೇ ಮಿಂಬರ್. ನಿನ್ನೆಯ ತನಕ ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವರನ್ನು ಕೊಂದವರು ಇಂದು ಅಲ್ಲಿಯೇ ಸಾಲುಗಟ್ಟಿ ನಿಂತರು. ಬದಲಾದದ್ದು ಖುತುಬಾದಲ್ಲಿ ಬರುವ ಒಬ್ಬ ಅರಸನ ಹೆಸರು ಮಾತ್ರ. ವಿಶ್ವಾಸಿಗಳ ಎರಡು ಗುಂಪುಗಳು ಪರಸ್ಪರ ಕಾದಾಡಿದರೆ ಅವರ ನಡುವೆ ಸಂಧಾನ ಮಾಡಬೇಕು, ಅತಿರೇಕ ಎಸಗುವ ಗುಂಪನ್ನು ತಡೆಯಬೇಕು ಎಂಬ ಬೋಧನೆ ಪವಿತ್ರ ಕುರ್‌ಆನಿನ ಸೂರಃ ಹುಜುರಾತ್‌ನಲ್ಲಿದೆ. ಆ ಮಸೀದಿಯಲ್ಲಿ ಅಂದು ಅದನ್ನು ನೆನಪಿಸುವವರು ಇರಬೇಕಿತ್ತು.

ನಂತರದ ಕತೆ ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಏಪ್ರಿಲ್‌ನಲ್ಲಿ ಮಹಾಬತ್ ಖಾನನ 15 ಸಾವಿರ ಸವಾರರು ಕಲ್ಯಾಣಿಯಿಂದ ಕಲಬುರಗಿಯವರೆಗಿನ ನಾಡನ್ನು ಸೂರೆ ಮಾಡುತ್ತಾ ಬಂದರು. ಕಲ್ಯಾಣಿ ಎಂದರೆ ಇಂದಿನ ಬಸವಕಲ್ಯಾಣ. ಏಪ್ರಿಲ್ ಎಂದರೆ ಬಿಳಿಜೋಳದ ರಾಶಿ ಮುಗಿದು ಕಣಿಕೆಯ ಬಣವಿ ಒಟ್ಟಿರುವ ಕಾಲ ಎಂಬುದು ಇಲ್ಲಿ ಕುಳಿತಿರುವ ಒಕ್ಕಲಿಗರಿಗೆ ನಾನು ಹೇಳಬೇಕಾಗಿಲ್ಲ. ಬಣವಿಗೆ ಬೆಂಕಿ ಬಿದ್ದರೆ ಎತ್ತು ಬದುಕುವುದು ಹೇಗೆ? ಕೋಟೆಯೊಳಗೆ ಸತ್ತವರ ಲೆಕ್ಕವನ್ನಾದರೂ ಯಾರೋ ಇಟ್ಟರು. ಹೊರಗಿನ ಹಳ್ಳಿಗಳ ಲೆಕ್ಕವನ್ನು ಇಟ್ಟವರಿಲ್ಲ. ಕಲ್ಯಾಣಿಯ ಕೋಟೆಯನ್ನು ದಿಲಾವರ್ ಎಂಬ ಇನ್ನೊಬ್ಬ ಹಬಶಿ ಸರದಾರ ಬೇಸಿಗೆ ಕಳೆದು ಮಳೆಗಾಲದ ನಡುವಿನವರೆಗೂ ಹಿಡಿದಿಟ್ಟನು. ಅದು ಜುಲೈ ಕೊನೆಗೆ ಕೈಬಿಟ್ಟಿತು. ಸೆಪ್ಟೆಂಬರ್‌ನಲ್ಲಿ ಷಹಜಹಾನ್ ಕಾಯಿಲೆ ಬಿದ್ದನು. ಮಕ್ಕಳು ಸಿಂಹಾಸನಕ್ಕಾಗಿ ಒಬ್ಬರ ಮೇಲೊಬ್ಬರು ಕತ್ತಿ ಹಿರಿದರು. ಔರಂಗಜೇಬ್ ದಖ್ಖನನ್ನು ಬಿಟ್ಟು ಉತ್ತರಕ್ಕೆ ಹೊರಟನು.

ಈ ಯುದ್ಧವನ್ನು ಹಿಂದೂ-ಮುಸ್ಲಿಮ್ ಎಂಬ ಕನ್ನಡಕದಿಂದ ನೋಡಲು ಹೊರಟರೆ ಏನೂ ಕಾಣಿಸುವುದಿಲ್ಲ. ಮೊಗಲರ ಸೇನೆಯಲ್ಲಿ ರಜಪೂತ ಸರದಾರರಿದ್ದರು. ಬಿಜಾಪುರದ ಸೇವೆಯಲ್ಲಿ ಷಹಾಜಿ ಭೋಂಸ್ಲೆಯಂತಹ ಮರಾಠ ಸರದಾರರಿದ್ದರು. ಅದೇ 1657ರ ಬೇಸಿಗೆಯಲ್ಲಿ ಷಹಾಜಿಯ ಮಗ ಶಿವಾಜಿ ಮೊಗಲರ ಅಧೀನದ ಜುನ್ನರ್ ಮೇಲೆ ದಾಳಿ ಮಾಡಿದರು. ಎಂದರೆ ಆ ದಿನಗಳಲ್ಲಿ ಸೀದಿ ಮರ್ಜಾನ್ ಯಾರ ವಿರುದ್ಧ ನಿಂತಿದ್ದರೋ ಅವರ ವಿರುದ್ಧವೇ ಶಿವಾಜಿಯೂ ನಿಂತಿದ್ದರು.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈಚಿನ ವರ್ಷಗಳಲ್ಲಿ ಈ ದೇಶದ ಮುಸ್ಲಿಮರನ್ನು ಔರಂಗಜೇಬನ ಸಂತಾನವೆಂದು ವೇದಿಕೆಗಳಿಂದ ಹಳಿಯುವುದು ರೂಢಿಯಾಗಿದೆ. ಅದಕ್ಕೆ ಪ್ರತಿಯಾಗಿ ನಮ್ಮ ಕೆಲವು ಹುಡುಗರು ಮೊಬೈಲಿನಲ್ಲಿ ಔರಂಗಜೇಬನ ಚಿತ್ರವನ್ನು ಸ್ಟೇಟಸ್ ಇಟ್ಟು ತಾವು ಉತ್ತರ ಕೊಟ್ಟೆವೆಂದು ಭಾವಿಸುತ್ತಾರೆ. 2023ರ ಜೂನ್‌ನಲ್ಲಿ ಕೊಲ್ಹಾಪುರದಲ್ಲಿ ಇಂತಹ ಸ್ಟೇಟಸ್‌ಗಳ ನೆಪದಲ್ಲಿ ಗಲಭೆ ನಡೆಯಿತು. 2025ರ ಮಾರ್ಚ್‌ನಲ್ಲಿ ಖುಲ್ದಾಬಾದಿನ ಗೋರಿಯನ್ನು ತೆಗೆದುಹಾಕಬೇಕೆಂಬ ಕೂಗಿನಿಂದ ನಾಗ್ಪುರ ಹೊತ್ತಿಕೊಂಡಿತು. ಹಳಿಯುವವರ ಉದ್ದೇಶ ನಮಗೆ ತಿಳಿದಿದೆ. ಆದರೆ ನಮ್ಮ ಹುಡುಗರು ಅವರ ಬಲೆಗೆ ಯಾಕೆ ಬೀಳಬೇಕು? ಬೀದರ್, ಕಲ್ಯಾಣಿ, ಕಲಬುರಗಿ, ಬಿಜಾಪುರದ ಮುಸ್ಲಿಮನಿಗೆ ಔರಂಗಜೇಬನ ಸೇನೆಯು ಮುತ್ತಿಗೆ ಹಾಕಿದ ಸೇನೆ. ನಮ್ಮ ಅಜ್ಜಂದಿರು ಗೋಡೆಯ ಒಳಬದಿಯಲ್ಲಿದ್ದರು. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಬಿದ್ದಾಗಲೂ ಅವರು ಒಳಬದಿಯಲ್ಲೇ ಇದ್ದರು. ಈ ಒಂದು ಸತ್ಯವನ್ನು ಮಗುವಿಗೆ ಹೇಳಿಕೊಟ್ಟರೆ ಅದು ಯಾರ ಪರವಾಗಿಯೂ ಕಲ್ಲೆತ್ತಬೇಕಾದ ಪ್ರಮೇಯ ಬರುವುದಿಲ್ಲ. ಹಾಗೆಂದು ಔರಂಗಜೇಬನನ್ನು ರಾಕ್ಷಸನನ್ನಾಗಿ ಮಾಡಿ ನಿಷ್ಠೆ ಸಾಬೀತುಪಡಿಸುವ ಇನ್ನೊಂದು ಆಟಕ್ಕೂ ನಾವು ಇಳಿಯಬೇಕಾಗಿಲ್ಲ. ಅವನೊಬ್ಬ ಅರಸ. ಅರಸರು ಮಾಡುವ ಒಳ್ಳೆಯದನ್ನೂ ಕೆಟ್ಟದ್ದನ್ನೂ ಮಾಡಿದನು.

ಗೋಲ್ಕೊಂಡದ ಹೆಸರು ಬಂದದ್ದರಿಂದ ಒಂದು ಮಾತು. ಎಂಟು ತಿಂಗಳ ಮುತ್ತಿಗೆಗೂ ಬಗ್ಗದ ಆ ಕೋಟೆ ಕೊನೆಗೆ ಬಿದ್ದುದು ಲಂಚಕ್ಕೆ. ಒಳಗಿನ ಒಬ್ಬ ಸರದಾರ ರಾತ್ರಿಯಲ್ಲಿ ಬಾಗಿಲು ತೆರೆದನು. ಅಬ್ದುರ್ರಝ್ಝಾಕ್ ಲಾರಿ ಎಂಬವನು ಆ ಬಾಗಿಲಲ್ಲಿ ಬಹುತೇಕ ಒಂಟಿಯಾಗಿ ಹೋರಾಡಿ ಮೈತುಂಬ ಗಾಯಗೊಂಡು ಬಿದ್ದನು. ಆ ಕಾಲದ ದಖ್ಖನಿನಲ್ಲಿ ಎಷ್ಟೋ ಕೋಟೆಗಳು ತೋಪಿಗಿಂತ ಥೈಲಿಗೆ ಬೇಗ ಬಗ್ಗಿದವು. ಅದರ ನಡುವೆ 30 ವರ್ಷ ಕೀಲಿಕೈಯನ್ನು ಮಾರದೆ ಇಟ್ಟುಕೊಂಡವನ ಬೆಲೆ ತಿಳಿಯುತ್ತದೆ. ಅಮಾನತ್ ಎಂಬ ಪದವನ್ನು ನಾವು ಜುಮಾದಂದು ಎಷ್ಟು ಬಾರಿ ಕೇಳುತ್ತೇವೆ! ಇಂದು ನಮ್ಮ ಕೈಯಲ್ಲಿ ಕೋಟೆಗಳಿಲ್ಲ. ಆದರೆ ಕಬ್ರಸ್ತಾನದ ಜಮೀನಿದೆ, ಮಸೀದಿಯ ಅಂಗಡಿ ಬಾಡಿಗೆ ಇದೆ, ವಕ್ಫ್ ಆಸ್ತಿ ಇದೆ. ಅದರ ಲೆಕ್ಕದ ಪುಸ್ತಕ ಯಾರ ಮನೆಯಲ್ಲಿದೆ, ಕೊನೆಯ ಬಾರಿ ಜಮಾಅತ್‌ನ ಮುಂದೆ ಓದಿದ್ದು ಯಾವಾಗ ಎಂದು ಕೇಳಿದರೆ ಕೆಲವು ಊರುಗಳಲ್ಲಿ ಜಗಳವೇ ಆಗುತ್ತದೆ. ವಕ್ಫ್ ಆಸ್ತಿಯ ಮೇಲೆ ಹೊರಗಿನವರ ಕಣ್ಣಿದೆ ಎಂದು ಸಭೆ ಮಾಡುವ ನಾವು ಒಳಗಿನಿಂದ ಬಾಗಿಲು ತೆರೆದವರ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಇನ್ನು ಔರಂಗಜೇಬನ ಕೊನೆಯ ಮುತ್ತಿಗೆಯೂ ನಮ್ಮ ಪಕ್ಕದಲ್ಲಿಯೇ ನಡೆಯಿತು ಎಂಬುದು ವಿಚಿತ್ರ. ಬೀದರ್‌ಗೆ ಬಂದಾಗ ಅವನಿಗೆ 38 ವರ್ಷ. 1705ರಲ್ಲಿ, 86ರ ಮುಪ್ಪಿನಲ್ಲಿ, ಜೇವರ್ಗಿಯಿಂದ ದಕ್ಷಿಣಕ್ಕೆ ಸುರಪುರ ಸೀಮೆಯ ವಾಗಿನಗೇರಾ ಕೋಟೆಯನ್ನು ಅವನು ತಾನೇ ಮುಂದೆ ನಿಂತು ಮುತ್ತಿದನು. ಒಳಗಿದ್ದವರು ಬೇಡರ ಪಿಡ್ಡ ನಾಯಕ ಮತ್ತು ಅವನ ಕೋವಿಕಾರರು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಡೀ ಸಾಮ್ರಾಜ್ಯದ ಸೇನೆಯನ್ನು ತಡೆದು, ಕೊನೆಗೆ ಕೋಟೆಗೆ ಬೆಂಕಿಯಿಟ್ಟು ರಾತ್ರೋರಾತ್ರಿ ಹೊರಟುಹೋದರು. ಬಾದಶಹನಿಗೆ ಸಿಕ್ಕಿದ್ದು ಬರಿಯ ಗೋಡೆಗಳು. ಅಲ್ಲಿಯೇ ಸಮೀಪದ ದೇವಾಪುರದ ಬಿಡಾರದಲ್ಲಿ ಅವನು ಕಾಯಿಲೆ ಬಿದ್ದನು. ಎರಡು ವರ್ಷದೊಳಗೆ ಅಹಮದ್‌ನಗರದಲ್ಲಿ ತೀರಿಕೊಂಡನು. ಸುರಪುರದ ಬೇಡ ಸಮುದಾಯದ ಸಹೋದರರು ಈ ಕತೆಯನ್ನು ಅಭಿಮಾನದಿಂದ ಹೇಳಿದಾಗ ನಮ್ಮವರಲ್ಲಿ ಕೆಲವರು ಮುಖ ಬಾಡಿಸಿಕೊಳ್ಳುತ್ತಾರೆ. ಅದರ ಅಗತ್ಯವಿಲ್ಲ. ಬೀದರ್‌ನ ಬುರುಜಿನಲ್ಲಿ ನಿಂತವರೂ ವಾಗಿನಗೇರಾದ ಗುಡ್ಡದಲ್ಲಿ ನಿಂತವರೂ ಒಂದೇ ಬಲವನ್ನು ಎದುರಿಸಿದವರು.

ಶ್ರೀರಂಗಪಟ್ಟಣಕ್ಕೆ ಬರುತ್ತೇನೆ. 1799ರ ಮೇ 4ರ ಕತೆ ನಿಮಗೆಲ್ಲ ತಿಳಿದದ್ದೇ. ಒಂದು ತಿಂಗಳ ಮುತ್ತಿಗೆ, ಗೋಡೆಯಲ್ಲಿ ಬಿದ್ದ ಬಿರುಕು, ಮಧ್ಯಾಹ್ನ ಒಂದರ ಹೊತ್ತಿಗೆ ಜನರಲ್ ಬೇರ್ಡ್ ಕಾವೇರಿ ದಾಟಿದ್ದು, ನೀರ್ಬಾಗಿಲ ಬಳಿ ಟಿಪ್ಪು ಸುಲ್ತಾನರು ಕೋವಿ ಹಿಡಿದೇ ಬಿದ್ದದ್ದು. ಇವುಗಳಲ್ಲಿ ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಸಯ್ಯಿದ್ ಗಫ್ಫಾರ್. ಬಿರುಕಿನ ಬಳಿ ಕಾವಲಿದ್ದ ಈ ಸೇನಾನಿ ಅಂದು ದಾಳಿ ಖಚಿತವೆಂದು ಎಚ್ಚರಿಸಿದರು. ದಾಳಿಗೆ ಸ್ವಲ್ಪ ಮುಂಚೆ ತೋಪಿನ ಗುಂಡಿಗೆ ಬಲಿಯಾದರು. ನಮ್ಮಲ್ಲಿ ಮೀರ್ ಸಾದಿಕ್‌ನ ಹೆಸರು ಗೊತ್ತಿಲ್ಲದ ಮಗುವಿಲ್ಲ. ಸಯ್ಯಿದ್ ಗಫ್ಫಾರ್‌ರ ಹೆಸರು ಗೊತ್ತಿರುವ ಮಗು ಅಪರೂಪ. ದ್ರೋಹಿಯನ್ನು ನೆನೆಯುವುದರಲ್ಲಿ ನಮಗಿರುವ ಉತ್ಸಾಹ ನಿಂತು ಸತ್ತವನನ್ನು ನೆನೆಯುವುದರಲ್ಲಿ ಇಲ್ಲ. ಅಂದು ಕೋಟೆಯೊಳಗೆ ಸತ್ತವರು 6 ಸಾವಿರಕ್ಕೂ ಮೇಲೆ ಎಂಬ ಅಂದಾಜಿದೆ. ಸುಲ್ತಾನರನ್ನು ಮರುದಿನ ಗುಂಬಜ್‌ನಲ್ಲಿ ತಂದೆತಾಯಿಯ ಪಕ್ಕದಲ್ಲಿ ದಫನ ಮಾಡಲಾಯಿತು. ಉಳಿದವರಿಗೆ ಗುಂಬಜ್ ಇಲ್ಲ.

ಎರಡನೆಯದು ಕೇಳಲು ಹಿತವಲ್ಲ. ಅಂದು ಮುತ್ತಿಗೆ ಹಾಕಿದವರಲ್ಲಿ ನಮ್ಮ ಹೈದರಾಬಾದಿನ ನಿಜಾಮರ ಸೇನೆಯೂ ಇತ್ತು. 1798ರ ಸೆಪ್ಟೆಂಬರ್‌ನಲ್ಲಿ ಕಂಪೆನಿಯೊಂದಿಗೆ ಸಹಾಯಕ ಸೇನಾ ಒಪ್ಪಂದ ಮಾಡಿಕೊಂಡ ನಿಜಾಮ್ ಅಲಿ ಖಾನನು ಮೀರ್ ಆಲಮ್‌ನ ನೇತೃತ್ವದಲ್ಲಿ ಸಾವಿರಾರು ಜನರನ್ನು ಕಳುಹಿಸಿದ್ದನು. ಗೆಲುವಿನ ಪಾಲಾಗಿ ಗುತ್ತಿ, ಗುರ್ರಂಕೊಂಡದ ಕಡೆಯ ನೆಲ ಸಿಕ್ಕಿತು. ಮರುವರ್ಷವೇ, 1800ರಲ್ಲಿ, ತನ್ನ ಸಂಸ್ಥಾನದಲ್ಲಿಟ್ಟ ಕಂಪೆನಿ ಸೇನೆಯ ಖರ್ಚಿಗೆಂದು ಆ ನೆಲವನ್ನೂ ಬಳ್ಳಾರಿ, ಕಡಪ ಸೀಮೆಯನ್ನೂ ಬ್ರಿಟಿಷರಿಗೆ ಬಿಟ್ಟುಕೊಡಬೇಕಾಯಿತು. ನೆರೆಯವನ ಗೋಡೆ ಕೆಡವಲು ಸಾಲಕ್ಕೆ ಹಾರೆ ತಂದವನು ಬಡ್ಡಿಯಾಗಿ ತನ್ನ ಹೊಲವನ್ನೇ ಬರೆದುಕೊಟ್ಟಂತಾಯಿತು.

1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗೆಯ ಕೆಂಚನಗೌಡ ಹೀಗೆಯೇ ಸುತ್ತುವರಿಯಲ್ಪಟ್ಟರು. ಜೂನ್ 1ರಂದು ಮೇಜರ್ ಹ್ಯೂಸ್ ಕೋಟೆಯನ್ನು ಹಿಡಿದಾಗ ಅವರಿಬ್ಬರೂ ಸುಮಾರು ನೂರು ಮಂದಿ ಸಂಗಡಿಗರೂ ಹೋರಾಡುತ್ತಾ ಸತ್ತರು. ಕೊಪ್ಪಳ ಆಗ ನಿಜಾಮ್ ಸಂಸ್ಥಾನದ ನೆಲ. ಅವರನ್ನು ನಮ್ಮವರೆಂದು ಹೇಳಿಕೊಳ್ಳಲು ಅವರ ಧರ್ಮ ಅಡ್ಡಿಯಾಗಬಾರದು.

ನಮ್ಮ ಈ ಸೀಮೆಯಲ್ಲಿ ಕೋಟೆ, ಕತ್ತಿ, ಹುತಾತ್ಮ ಎಂದೆಲ್ಲ ಮಾತನಾಡುವುದಕ್ಕೆ ಮುಸ್ಲಿಮರು ಹಿಂಜರಿಯುತ್ತಾರೆ. ಕಾರಣ ಹಿರಿಯರಿಗೆ ಗೊತ್ತಿದೆ. 1948ರ ಹಿಂದುಮುಂದಿನ ದಿನಗಳಲ್ಲಿ ರಝಾಕಾರರು ಎಸಗಿದ ದೌರ್ಜನ್ಯ ಸುಳ್ಳಲ್ಲ. ಅದರ ನಂತರ ಅವರೊಂದಿಗೆ ಏನೂ ಸಂಬಂಧವಿಲ್ಲದ ಸಾವಿರಾರು ಮುಸ್ಲಿಮರು ಹತರಾದುದೂ ಸುಳ್ಳಲ್ಲ. ಪಂಡಿತ್ ಸುಂದರಲಾಲ್ ಸಮಿತಿಯು ಆ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರದ ನಡುವೆ ಅಂದಾಜಿಸಿತ್ತು; ಅತಿ ಹೆಚ್ಚು ಬಾಧಿತವಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ ಮತ್ತು ಬೀದರ್ ಸೇರಿದ್ದವು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಆ ಮೌನ ಮನೆಗಳಿಗೂ ಇಳಿಯಿತು. ಅಜ್ಜಿಯರು ಹೇಳಲಿಲ್ಲ, ಮಕ್ಕಳು ಕೇಳಲಿಲ್ಲ. ಪರಿಣಾಮವಾಗಿ ಹಿಂದಿನದೆಲ್ಲವೂ, ಸೀದಿ ಮರ್ಜಾನ್‌ರೂ ಸೇರಿ, ಅದೇ ಮೌನದಲ್ಲಿ ಮುಳುಗಿಹೋದರು. ಈಗ ಆ ಖಾಲಿ ಜಾಗವನ್ನು ಮೊಬೈಲಿನ ರೀಲ್‌ಗಳು ತುಂಬುತ್ತಿವೆ.

ಹಾಗಾದರೆ ಸ್ಮರಣೆ ಹೇಗಿರಬೇಕು? ನಮ್ಮ ಹಳ್ಳಿಗಳಿಗೆ ಕಡಿಮೆ ಸಂಖ್ಯೆಯವರ ಸ್ಮರಣೆ ಹೊಸದಲ್ಲ. ಹಿಜರಿ 61ರಲ್ಲಿ ಕರ್ಬಲಾದಲ್ಲಿ ನೀರಿಲ್ಲದೆ ಸುತ್ತುವರಿಯಲ್ಪಟ್ಟ ಇಮಾಮ್ ಹುಸೈನ್(ರ) ಮತ್ತು ಅವರ 72 ಮಂದಿಯನ್ನು ಈ ಸೀಮೆಯ ಹಿಂದೂಗಳೂ ಮುಸ್ಲಿಮರೂ ಕನ್ನಡದ ರಿವಾಯತ್ ಪದಗಳಲ್ಲಿ ಹಾಡಿಕೊಂಡು ಬಂದಿದ್ದಾರೆ. ಅಲಾಯಿ ಕುಣಿ, ಪಂಜಾ, ಹರಕೆ ಇವುಗಳ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ತಿಳಿದೇ ಇದೆ. ಅದನ್ನು ಇಂದು ಎತ್ತುವುದಿಲ್ಲ. ಆದರೆ ಅನ್ಯಾಯದ ಬಹುಮತಕ್ಕೆ ತಲೆಬಾಗದವರ ಕತೆಯನ್ನು ಓದುಬರಹ ಬಾರದ ಒಕ್ಕಲಿಗನೂ ತನ್ನ ಭಾಷೆಯಲ್ಲಿ ಉಳಿಸಿಕೊಂಡನು ಎಂಬುದನ್ನು ನಾನು ಗೌರವಿಸುತ್ತೇನೆ. ಓದಿದವರಾದ ನಮ್ಮಿಂದ ಬೀದರ್‌ನ ಬಗ್ಗೆ ಅಷ್ಟೂ ಆಗಲಿಲ್ಲ.

ಸರಕಾರದ ಆಚರಣೆಗಳನ್ನು ನೆಚ್ಚಿ ಕೂರಬಾರದು. 2015ರಲ್ಲಿ ಆರಂಭವಾದ ಟಿಪ್ಪು ಜಯಂತಿ 2019ರಲ್ಲಿ ಸರಕಾರ ಬದಲಾದ ಕೂಡಲೇ ನಿಂತುಹೋಯಿತು. ಆ ನಾಲ್ಕು ವರ್ಷಗಳಲ್ಲಿ ಎಷ್ಟು ಬ್ಯಾನರ್‌ಗಳನ್ನು ಕಟ್ಟಿದೆವು! ಶ್ರೀರಂಗಪಟ್ಟಣದ ಬಗ್ಗೆ ಮಕ್ಕಳ ಕೈಗೆ ಎಷ್ಟು ಪುಸ್ತಕ ಕೊಟ್ಟೆವು? ಮೆರವಣಿಗೆಯ ಧ್ವನಿವರ್ಧಕದ ಬಾಡಿಗೆಯಲ್ಲಿ ಒಂದು ಊರಿನ ಶಾಲೆಗೆ ಗ್ರಂಥಾಲಯವಾಗುತ್ತಿತ್ತು.

ಉಹುದ್‌ನಲ್ಲಿ 70 ಮಂದಿ ಹುತಾತ್ಮರಾದಾಗ ಪ್ರವಾದಿ(ಸ)ಯವರು ಒಂದೊಂದು ಕಬರಿನಲ್ಲಿ ಇಬ್ಬರನ್ನು ಇಡಿಸಿದರು; ಇಬ್ಬರಲ್ಲಿ ಕುರ್‌ಆನ್ ಹೆಚ್ಚು ಬಲ್ಲವರು ಯಾರೆಂದು ಕೇಳಿ ಅವರನ್ನು ಮೊದಲು ಇಳಿಸಿದರು. ಅಲ್ಲಿ ಗೋಪುರ ಕಟ್ಟಲಿಲ್ಲ. ಒಬ್ಬೊಬ್ಬನೂ ಯಾರು, ಏನನ್ನು ಬಲ್ಲವನಾಗಿದ್ದನು ಎಂದು ವಿಚಾರಿಸಿದರು. ಸೀದಿ ಮರ್ಜಾನ್ ಶಹೀದರೇ ಅಲ್ಲವೇ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಆ ಪದವಿಯನ್ನು ಹಂಚುವ ಅಧಿಕಾರ ಅಲ್ಲಾಹನದು. ಅವರು ಕಾದದ್ದು ಒಬ್ಬ ಸುಲ್ತಾನನ ಕೋಟೆಯನ್ನು, ಧರ್ಮವನ್ನಲ್ಲ. ಆದರೆ ವಹಿಸಿಕೊಂಡದ್ದನ್ನು ಬಿಡದೆ, ಮಕ್ಕಳನ್ನು ಹಿಂದೆ ಅಡಗಿಸದೆ, ಒಡೆದ ಜಾಗದಲ್ಲಿಯೇ ನಿಂತರು. ಇಷ್ಟನ್ನು ಹೇಳಿದರೆ ಸಾಕು.

ಯುವಕರಿಗೆ ಒಂದು ಕೆಲಸ ಒಪ್ಪಿಸುತ್ತೇನೆ. 2017ರಿಂದ ಕಲಬುರಗಿ ಮತ್ತು ಬೀದರ್ ನಡುವೆ ರೈಲು ಓಡುತ್ತಿದೆ. ರಜೆಯ ಒಂದು ದಿನ ಹತ್ತಿಪ್ಪತ್ತು ಮಕ್ಕಳನ್ನು ಕರೆದುಕೊಂಡು ಹೋಗಿ. ಸುರಪುರದ, ಆಳಂದದ ನಿಮ್ಮ ಹಿಂದೂ ಗೆಳೆಯರ ಮಕ್ಕಳೂ ಬರಲಿ. ಕೋಟೆಯಲ್ಲಿ ಸೆಲ್ಫಿ ತೆಗೆಯುವ ಮೊದಲು ಮೂರು ಸಾಲಿನ ಕಂದಕವನ್ನು ತೋರಿಸಿ. ಒಳಗೆ ಸೋಲಹ ಖಂಬ ಮಸೀದಿಯ ದಪ್ಪ ಕಂಬಗಳಿವೆ. ಅದು ಆ ಮುತ್ತಿಗೆಗಿಂತ 200 ವರ್ಷ ಹಿಂದಿನದು, ಖುತುಬಾದಲ್ಲಿ ಅರಸರ ಹೆಸರುಗಳು ಬದಲಾದದ್ದನ್ನೆಲ್ಲ ಕೇಳಿದ ಕಾಲದ್ದು. ಊರಿನೊಳಗೆ ಮಹಮೂದ್ ಗವಾನರ ಮದ್ರಸಾ ಇದೆ. 1472ರಲ್ಲಿ ಕಟ್ಟಿದ್ದು, 17ನೇ ಶತಮಾನದ ಕೊನೆಯಲ್ಲಿ ಮೊಗಲರ ಕಾಲದಲ್ಲಿ ಅದರೊಳಗೆ ಇಟ್ಟಿದ್ದ ಮದ್ದು ಸಿಡಿದು ಅರ್ಧ ಕಟ್ಟಡ ಹಾರಿಹೋಯಿತು. ಉಳಿದ ಅರ್ಧದ ಗೋಡೆಯ ಮೇಲೆ ನೀಲಿ ಹೆಂಚಿನ ಅಕ್ಷರಗಳು ಇನ್ನೂ ಇವೆ. ಮಕ್ಕಳಿಗೆ ಅದನ್ನು ಓದಿಸಿ. ಓದಲು ಬರುವವರು ನಿಮ್ಮಲ್ಲಿ ಯಾರೂ ಇಲ್ಲದಿದ್ದರೆ, ಹೊರಡುವ ಮೊದಲು ಒಬ್ಬರನ್ನು ಹುಡುಕಿ ಜೊತೆಗೆ ಕರೆದೊಯ್ಯಿರಿ.

ಅಸ್ಸಲಾಮು ಅಲೈಕುಮ್.